200ಡಿ ಕ್ಯಾಮೆರಾಗೆ ಅಲ್ಟ್ರಾ ವೈಡ್ ಲೆನ್ಸ್: ಯಾವುದು ಕೊಳ್ಳಲಿ?

ಪ್ರಶ್ನೆ: ಸರ್, ನಾನು ಬೇಲೂರಿನವನು. ನನ್ನ ಹತ್ತಿರ ಕ್ಯಾನನ್ 200ಡಿ ಮಾರ್ಕ್ 2 ಕ್ಯಾಮೆರಾ ಇದೆ. ಅದರ ಜೊತೆ ಬಂದ 18-55 ಲೆನ್ಸ್ ಒಂದೇ ಇರುವುದು. ಮೂಡಿಗೆರೆ ಹತ್ತಿರ ನಮ್ಮ ಸೋದರಮಾವ ಹೋಮ್‌ಸ್ಟೇ ಮಾಡಿದ್ದಾರೆ. ರೂಮುಗಳ ಫೋಟೋ ತೆಗೆದುಕೊಡು ಅಂದರು. ಗೋಡೆಗೆ ಬೆನ್ನು ಅಂಟಿಸಿ ನಿಂತರೂ ಮಂಚ ಪೂರ್ತಿ ಬರುತ್ತಿಲ್ಲ. ಬೇಲೂರು, ಹಳೇಬೀಡು ದೇವಸ್ಥಾನಗಳಲ್ಲೂ ಇದೇ ಕಷ್ಟ. ಆಗಾಗ ಸ್ನೇಹಿತರ ಜೊತೆ ಮದುವೆ ಫೋಟೋಗೂ ಹೋಗುತ್ತೇನೆ. ಅಂಗಡಿಯವರು, "16-35 ತಗೊಳ್ಳಿ, ಮುಂದೆ ಫುಲ್ ಫ್ರೇಮ್ ಕ್ಯಾಮೆರಾ ಕೊಂಡರೂ ಕೆಲಸಕ್ಕೆ ಬರುತ್ತೆ" ಅಂತಾರೆ. ಒಬ್ಬ ಸ್ನೇಹಿತ ಹೇಳುವುದು, ಕ್ಯಾನನ್ 10-18 ಬರೀ ಪ್ಲಾಸ್ಟಿಕ್, ದೇವಸ್ಥಾನದ ಒಳಗೆ ಎಫ್ 2.8 ಬೇಕೇ ಬೇಕು, ಟೊಕಿನಾ 11-20 ತಗೋ ಅಂತ. ಇನ್ನೊಬ್ಬರು, ಕ್ರಾಪ್ ಕ್ಯಾಮೆರಾಗೆಂದೇ ಮಾಡಿದ ಲೆನ್ಸಿಗೆ 1.6ರ ಲೆಕ್ಕ ಹಾಕಬಾರದು ಅಂತಾರೆ. ಚಿಕ್ಕಮಗಳೂರಿನಲ್ಲಿ ಒಬ್ಬರು ಹಳೆಯ ಸಿಗ್ಮಾ 10-20 ಮಾರುತ್ತಿದ್ದಾರೆ. ನನ್ನ ಕೈಯಲ್ಲಿರುವುದು 25 ಸಾವಿರ. ವೈಡ್ ಲೆನ್ಸಿನಲ್ಲಿ ಎಲ್ಲಾ ಬಾಗುತ್ತೆ, ಮುಖ ಕೆಡುತ್ತೆ ಅನ್ನುವುದು ನಿಜವಾ? ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಹೋಮ್‌ಸ್ಟೇ ರೂಮು, ದೇವಸ್ಥಾನ, ಮದುವೆ. ಮೂರಕ್ಕೂ ಒಂದೇ ಲೆನ್ಸ್ ಸಾಕಾಗುತ್ತದೆಯೇ ಅನ್ನುವುದೇ ನಿಮ್ಮ ನಿಜವಾದ ಚಿಂತೆ, ಅಲ್ವಾ? ಮೊದಲ ಎರಡಕ್ಕೆ ಒಂದೇ ಲೆನ್ಸ್ ಚೆನ್ನಾಗಿ ಸಾಕು. ಮೂರನೆಯದಕ್ಕೆ ಲೆಕ್ಕ ಬೇರೆ. ಯಾವುದು ಯಾಕೆ ಅಂತ ಹೇಳುತ್ತೇನೆ. ಹಾಸನದಲ್ಲಿ ಕುಳಿತು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಈ ಕೆಲಸವನ್ನೇ ಮಾಡಿದ್ದೇನೆ. ನೀವು ಹೇಳಿದ ಗೋಡೆಗೆ ಬೆನ್ನು ಅಂಟಿಸುವ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಮೊದಲು ಆ 1.6ರ ಗೊಂದಲ ಮುಗಿಸೋಣ. ಲೆನ್ಸಿನ ಮೇಲೆ 10 ಮಿ.ಮೀ. ಅಂತ ಬರೆದಿದ್ದರೆ ಅದು ಆ ಲೆನ್ಸಿನ ನಿಜವಾದ ಫೋಕಲ್ ಲೆಂತ್. ಈ ಸಂಖ್ಯೆ ಚಿಕ್ಕದಾದಷ್ಟೂ ದೃಶ್ಯ ಅಗಲ. ಕ್ರಾಪ್ ಕ್ಯಾಮೆರಾಗೆ ಮಾಡಿದ್ದಾದರೂ ಅಷ್ಟೇ, ಫುಲ್ ಫ್ರೇಮ್‌ಗೆ ಮಾಡಿದ್ದಾದರೂ ಅಷ್ಟೇ. ಕಂಪನಿಯವರು ಮೊದಲೇ ಗುಣಿಸಿ ಬರೆದಿರುವುದಿಲ್ಲ. ನಿಮ್ಮದು ಕ್ರಾಪ್ ಕ್ಯಾಮೆರಾ. ಚಿತ್ರ ಹಿಡಿಯುವ ಅದರ ಸೆನ್ಸರ್ 22.3 ಮಿ.ಮೀ. ಅಗಲ, ಫುಲ್ ಫ್ರೇಮ್‌ನದು 36 ಮಿ.ಮೀ., ಅಂದರೆ 1.6 ಪಟ್ಟು. ಸೆನ್ಸರ್ ಚಿಕ್ಕದಾದಷ್ಟೂ ದೃಶ್ಯದ ಅಂಚು ಕತ್ತರಿಸಿ ಹೋಗುತ್ತದೆ. ಹಾಗಾಗಿ 10-18 ನಿಮ್ಮ ಕ್ಯಾಮೆರಾದಲ್ಲಿ ತೋರಿಸುವುದು, ಫುಲ್ ಫ್ರೇಮ್‌ನಲ್ಲಿ 16-29 ತೋರಿಸುವಷ್ಟನ್ನು. ಅದೇ ಅಂಗಡಿಯವರು ಹೇಳಿದ 16-35 ಹಾಕಿದರೆ ಸುಮಾರು 26-56 ಆಗುತ್ತದೆ. ಅದು ಅಲ್ಟ್ರಾ ವೈಡ್ ಅಲ್ಲವೇ ಅಲ್ಲ.

ಈ 1.6 ತಲೆಗೆ ಹತ್ತದಿದ್ದರೆ ಬಿಟ್ಟುಬಿಡಿ. ನಾನು ಹುಡುಗರಿಗೆ ಹೇಳಿಕೊಡುವ ಲೆಕ್ಕ ಬೇರೆ, ಅದು ಸುಲಭ. ನೀವು ನಿಂತ ಜಾಗದಿಂದ ವಸ್ತುವಿಗೆ ಎಷ್ಟು ಅಡಿ ಇದೆ ನೋಡಿ. ಅದನ್ನು 22.3ರಿಂದ ಗುಣಿಸಿ, ಲೆನ್ಸಿನ ಮಿ.ಮೀ.ನಿಂದ ಭಾಗಿಸಿ. ಚೌಕಟ್ಟಿನೊಳಗೆ ಎಷ್ಟು ಅಡಿ ಅಗಲ ಹಿಡಿಸುತ್ತದೆ ಅನ್ನುವುದು ಬರುತ್ತದೆ. ನಿಕಾನ್ ಅಥವಾ ಸೋನಿ ಕ್ರಾಪ್ ಕ್ಯಾಮೆರಾದವರು 22.3ರ ಬದಲು 23.5 ಹಾಕಿಕೊಳ್ಳಿ.

ನಿಮ್ಮ ಮಾವನ ರೂಮಿಗೇ ಈ ಲೆಕ್ಕ ಹಾಕೋಣ. ಮಂಚ ನಿಮ್ಮಿಂದ 5 ಅಡಿ ದೂರದಲ್ಲಿದೆ ಅಂತಿಟ್ಟುಕೊಳ್ಳಿ. ನಿಮ್ಮ 18-55ರ 18ರಲ್ಲಿ ಹಿಡಿಸುವುದು 6 ಅಡಿ ಚಿಲ್ಲರೆ. ಮಂಚವೇ ಆರೂವರೆ ಅಡಿ ಉದ್ದ ಇರುತ್ತದೆ. ಇನ್ನು ಪಕ್ಕದ ಮೇಜು, ಕಿಟಕಿ ಎಲ್ಲಿ ಬರಬೇಕು? ಈಗ 16-35 ಹಾಕಿ. 16ರಲ್ಲಿ ಹಿಡಿಸುವುದು ಸುಮಾರು 7 ಅಡಿ. ಅಷ್ಟು ದುಡ್ಡು ಸುರಿದು ಒಂದು ಅಡಿಯೂ ಪೂರ್ತಿ ಸಿಗಲಿಲ್ಲ. 11ರಲ್ಲಿ 10 ಅಡಿ, 10ರಲ್ಲಿ 11 ಅಡಿ, 8ರಲ್ಲಿ 14 ಅಡಿಯ ಹತ್ತಿರ. ಕೆಳಗಿನ ತುದಿಯಲ್ಲಿ ಒಂದೊಂದು ಮಿ.ಮೀ.ಗೂ ಇಷ್ಟು ಬೆಲೆ ಇದೆ. 50ಕ್ಕೂ 55ಕ್ಕೂ ವ್ಯತ್ಯಾಸ ಕಾಣುವುದಿಲ್ಲ, 10ಕ್ಕೂ 11ಕ್ಕೂ ಒಂದು ಅಡಿ ವ್ಯತ್ಯಾಸ.

ಆ 16-35 ಕೆಟ್ಟ ಲೆನ್ಸ್ ಅಂತ ನಾನು ಹೇಳುತ್ತಿಲ್ಲ. ಫುಲ್ ಫ್ರೇಮ್ ಇದ್ದವರಿಗೆ ಅದು ಚಿನ್ನ. ಆದರೆ ಅದರ ಎಫ್ 4 ಮಾದರಿಯೇ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬೆಳಕಿನ ಕಂಡಿ ದೊಡ್ಡದು) 615 ಗ್ರಾಂ ತೂಗುತ್ತದೆ, ನಿಮ್ಮ ಕ್ಯಾಮೆರಾ ಬ್ಯಾಟರಿ ಸೇರಿ 449 ಗ್ರಾಂ. ಇವತ್ತಿನ ಕಷ್ಟಕ್ಕೆ ಲೆನ್ಸ್ ಹುಡುಕುತ್ತಿದ್ದೀರಿ. ಐದು ವರ್ಷದ ಮೇಲೆ ಕೊಳ್ಳಬಹುದಾದ ಕ್ಯಾಮೆರಾಗೆ ಇವತ್ತೇ ದುಡ್ಡು ಕಟ್ಟಬೇಡಿ. ಆಗ ಬೇಕಾದರೆ ಈ ಲೆನ್ಸ್ ಮಾರಿ ಅದನ್ನು ಕೊಳ್ಳಬಹುದು. ಇನ್ನೊಂದು ವಿಷಯ. ಮುಂದೆ ಕ್ಯಾನನ್‌ನ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗೆ ಹೋದರೂ ಇಎಫ್-ಎಸ್ ಲೆನ್ಸುಗಳು, ಅಂದರೆ ನಿಮ್ಮ 200ಡಿ ಥರದ ಕ್ರಾಪ್ ಡಿಎಸ್‌ಎಲ್‌ಆರ್‌ಗೆ ಮಾಡಿದವು, ಅಡಾಪ್ಟರ್ ಹಾಕಿದರೆ ಕೆಲಸ ಮಾಡುತ್ತವೆ. ಆರ್50, ಆರ್10, ಆರ್7 ಥರದ ಕ್ರಾಪ್ ಮಾದರಿಗಳಲ್ಲಿ ಏನೂ ನಷ್ಟವಿಲ್ಲ. ಫುಲ್ ಫ್ರೇಮ್ ಮಿರರ್‌ಲೆಸ್ ಆದರೆ ಕ್ಯಾಮೆರಾ ತಾನೇ ಅಂಚು ಕತ್ತರಿಸಿಕೊಳ್ಳುತ್ತದೆ. ಕ್ಯಾನನ್‌ನ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಮಾತ್ರ ಇವು ಕೂರುವುದಿಲ್ಲ. 2023ರಲ್ಲಿ ಬಂದ ಆರ್‌ಎಫ್-ಎಸ್ 10-18 ನೋಡಿ ಮೋಸ ಹೋಗಬೇಡಿ. ಹೆಸರು ಹೆಚ್ಚು ಕಡಿಮೆ ಒಂದೇ, ಆದರೆ ಅದು ಮಿರರ್‌ಲೆಸ್‌ನದು. ನಿಮ್ಮ 200ಡಿಗೆ ಹತ್ತುವುದಿಲ್ಲ. ನಿಮಗೆ ಬೇಕಾದದ್ದು ಇಎಫ್-ಎಸ್.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ಅಲ್ಟ್ರಾ ವೈಡ್ ಅಂದರೆ "ಎಲ್ಲವೂ ಬರಲಿ" ಅನ್ನುವ ಲೆನ್ಸ್ ಅಂತ ಜನ ತಿಳಿದಿದ್ದಾರೆ. ಹಾಗೆ ತಿಳಿದು ಕೊಂಡವರಲ್ಲಿ ತುಂಬಾ ಜನ ಆರು ತಿಂಗಳಲ್ಲಿ ಮಾರುತ್ತಾರೆ. ಅವರು ಲೆನ್ಸ್ ಹಾಕಿಕೊಂಡು ಮೊದಲು ಹೋಗುವುದೇ ಮುಳ್ಳಯ್ಯನಗಿರಿಗೆ. ಸುತ್ತ ಬಾಬಾಬುಡನ್ ಸಾಲು ಕಾಣುತ್ತಿರುತ್ತದೆ, ಕಣ್ಣು ತುಂಬುತ್ತದೆ. 10ರಲ್ಲಿ ಕ್ಲಿಕ್ ಮಾಡುತ್ತಾರೆ. ಮನೆಗೆ ಬಂದು ನೋಡಿದರೆ ಮುಕ್ಕಾಲು ಪಾಲು ಆಕಾಶ, ಕೆಳಗೆ ಒಂದಿಷ್ಟು ಹುಲ್ಲು, ನಡುವೆ ನೂಲಿನ ಎಳೆಯಷ್ಟು ಬೆಟ್ಟ. ಯಾಕೆ ಹೀಗಾಯಿತು? ಈ ಲೆನ್ಸ್ ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ದೂರದ್ದನ್ನು ಇನ್ನೂ ದೂರ ತಳ್ಳುತ್ತದೆ. ಬೆಟ್ಟದ ಸಾಲಿಗೆ ಬೇಕಾದದ್ದು ನಿಮ್ಮ 55, ಇಲ್ಲವೇ ಟೆಲಿ ಲೆನ್ಸ್.

ಇದು ಹತ್ತಿರ ಹೋಗುವವರ ಲೆನ್ಸ್. ಹೂಮಳೆ ಬಿದ್ದ ಮೇಲೆ ನಿಮ್ಮ ಮಾವನ ಕಾಫಿ ತೋಟ ಬಿಳಿ ಬಿಳಿ ಆಗುತ್ತದಲ್ಲ, ಆಗ ನೋಡಿ ಇದರ ಶಕ್ತಿ. ಕ್ಯಾನನ್ 10-18 ಸೆನ್ಸರ್‌ನಿಂದ 22 ಸೆಂ.ಮೀ. ದೂರದವರೆಗೂ ಫೋಕಸ್ ಮಾಡುತ್ತದೆ. ಅಂದರೆ ಲೆನ್ಸಿನ ಗಾಜಿನಿಂದ ಹೂವಿಗೆ ಅರ್ಧ ಗೇಣು. ಒಂದು ರೆಂಬೆಯ ಹೂಗೊಂಚಲಿಗೆ ಅಷ್ಟು ಹತ್ತಿರ ಹಿಡಿಯಿರಿ. ಮುಂದೆ ಹೂವು ಕೈಗೆ ಸಿಗುವ ಹಾಗೆ ನಿಲ್ಲುತ್ತದೆ. ಹಿಂದೆ ಇಡೀ ಸಾಲು, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳು, ಆಚೆ ತುದಿಯ ಆಳುಗಳ ಲೈನ್ ಮನೆ ಎಲ್ಲವೂ ಒಂದೇ ಫೋಟೋದಲ್ಲಿ. ನಿಮ್ಮ ಕ್ಯಾಮೆರಾದ ಪರದೆ ಹೊರಗೆ ತಿರುಗುತ್ತದೆ, ಹಾಗಾಗಿ ಗಿಡದ ಕೆಳಗೆ ಮಲಗುವ ಕೆಲಸವೂ ಇಲ್ಲ. ಹೂವು ನಾಲ್ಕೈದು ದಿನ ಇದ್ದರೆ ಹೆಚ್ಚು. ಲೆನ್ಸ್ ಅಷ್ಟರೊಳಗೆ ಕೈಯಲ್ಲಿರಲಿ.

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್ ಇನ್ನೊಂದು ಒಳ್ಳೆಯ ಪಾಠ. ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ, ಕಮಾನುಗಳ ಬುಡದಲ್ಲಿ ನಿಂತರೆ 10 ಮಿ.ಮೀ. ಬೇಕು. ಮಳೆಗಾಲದಲ್ಲಿ ಅದೇ ಚರ್ಚ್ ನೀರಿನಲ್ಲಿ ಮುಳುಗಿ ನಿಂತಾಗ ನೀವು ದಡದಲ್ಲಿರುತ್ತೀರಿ. ಆಗ 10 ಹಾಕಿದರೆ ಬರುವುದು ನೀರಿನ ನಡುವೆ ಒಂದು ಚುಕ್ಕೆ.

ಬಾಗುವ ವಿಷಯಕ್ಕೆ ಬರೋಣ. ನಿಮ್ಮ ಸ್ನೇಹಿತರು "ಬಾಗುತ್ತೆ" ಅಂತ ಒಂದೇ ಮಾತಿನಲ್ಲಿ ಹೇಳುವುದು ನಿಜಕ್ಕೂ ಮೂರು ಬೇರೆ ತೊಂದರೆಗಳು. ಬೇರೆ ಮಾಡಿ ನೋಡಿದರೆ ಭಯ ಹೋಗುತ್ತದೆ.

ಒಂದು, ನೇರ ಗೆರೆ ಹೊಟ್ಟೆ ಬಿಟ್ಟುಕೊಳ್ಳುವುದು. ಬಾಗಿಲ ಚೌಕಟ್ಟು ಬಿಲ್ಲಿನ ಹಾಗೆ ಕಾಣುವುದು. ಇದು ಲೆನ್ಸಿನದೇ ದೋಷ. ಆದರೆ ಈಗಿನ ಅಲ್ಟ್ರಾ ವೈಡ್‌ಗಳಲ್ಲಿ ಇದು ಕಡಿಮೆ. ಉಳಿದದ್ದನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಲೆನ್ಸ್ ಪ್ರೊಫೈಲ್ ಒತ್ತಿದರೆ ಸರಿಹೋಗುತ್ತದೆ. ಚಿಂತೆ ಮಾಡಬೇಡಿ.

ಎರಡು, ಕಂಬಗಳು ಒಳಗೆ ವಾಲುವುದು. ಸಿಲ್ವರ್ ಮರಗಳ ನಡುವೆ ನಿಂತು ಕ್ಯಾಮೆರಾ ಮೇಲೆತ್ತಿ ನೋಡಿ. ಮರಗಳೆಲ್ಲ ಆಕಾಶದಲ್ಲಿ ಒಂದು ಕಡೆ ಸೇರುವ ಹಾಗೆ ಕಾಣುತ್ತವೆ. ಇದು ಲೆನ್ಸಿನ ತಪ್ಪಲ್ಲ, ಕ್ಯಾಮೆರಾ ಮೇಲೆತ್ತಿದ ಕೈಯದು. ಕ್ಯಾಮೆರಾ ಮಟ್ಟವಾಗಿ ಹಿಡಿದರೆ ಕಂಬ ನೆಟ್ಟಗೆ ನಿಲ್ಲುತ್ತದೆ. ಪರದೆಯಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ, ಬಾಗಿಲ ಅಂಚಿಗೆ ಹೊಂದಿಸಿ. ರೂಮಿನ ಫೋಟೋದಲ್ಲಿ ಇದೊಂದು ಸರಿಯಾದರೆ ಅರ್ಧ ಕೆಲಸ ಮುಗಿಯಿತು.

ಮೂರನೆಯದು ಅಂಚಿನ ಎಳೆತ. ಇದಕ್ಕೆ ಮದ್ದಿಲ್ಲ. ವಿಶಾಲ ದೃಶ್ಯವನ್ನು ನೇರ ಗೆರೆ ಕೆಡದ ಹಾಗೆ ಚಪ್ಪಟೆ ಚೌಕಟ್ಟಿಗೆ ತರಬೇಕಾದರೆ ಅಂಚಿನಲ್ಲಿ ಇರುವುದನ್ನು ಎಳೆಯಲೇಬೇಕು. 18 ಮಿ.ಮೀ.ನಲ್ಲಿ ಪಕ್ಕದ ಅಂಚಿನಲ್ಲಿರುವ ತಲೆ ಶೇ 18ರಷ್ಟು ಅಗಲವಾಗುತ್ತದೆ, ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. 10ರಲ್ಲಿ ಸುಮಾರು ಒಂದೂವರೆ ಪಟ್ಟು. ತಲೆ ಅಡ್ಡ ಇಟ್ಟ ಮೊಟ್ಟೆಯ ಹಾಗೆ ಕಾಣುತ್ತದೆ. ಎಷ್ಟೇ ಬೆಲೆಯ ಲೆನ್ಸ್ ಆದರೂ ಇದು ತಪ್ಪುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಹುಡುಗಿಯ ಕಡೆಯವರು ಹದಿನೈದು ಜನ ಸಾಲಾಗಿ ನಿಂತಿರುತ್ತಾರೆ, ಹಿಂದೆ ಸರಿಯಲು ಜಾಗ ಇರುವುದಿಲ್ಲ. 10 ಹಾಕಿದರೆ ಎಲ್ಲರೂ ಬರುತ್ತಾರೆ ಅನ್ನುವ ಆಸೆ ಬರುತ್ತದೆ. ಮಾಡಬೇಡಿ. ತುದಿಯಲ್ಲಿ ನಿಂತ ಅತ್ತೆಯವರು ಆಲ್ಬಂ ನೋಡಿ ನೊಂದುಕೊಳ್ಳುತ್ತಾರೆ. ಜೀವನದಲ್ಲಿ ಒಂದೇ ಸಲ ತೆಗೆಯುವ ಫೋಟೋ ಅದು. ಎರಡು ಸಾಲು ಮಾಡಿ ನಿಲ್ಲಿಸಿ, 18ಕ್ಕಿಂತ ಕೆಳಗೆ ಇಳಿಯಬೇಡಿ.

ಹಳೇಬೀಡಿನ ನಂದಿ ಮಂಟಪದಲ್ಲೂ ಇದೇ ಎಚ್ಚರ ಬೇಕು. ಕಂಬಗಳ ನಡುವೆ ಜಾಗ ಕಡಿಮೆ. ಮುಂದೆ ನಿಂತು 10ರಲ್ಲಿ ತೆಗೆದರೆ ನಂದಿಯ ಮೂತಿ ಗುಡಾಣದಷ್ಟು, ಬೆನ್ನು ಕರುವಿನಷ್ಟು. ಮಂಟಪದಿಂದ ಹೊರಗೆ ಬಂದು 16ರಲ್ಲಿ ತೆಗೆಯಿರಿ, ನಂದಿಯ ಅಳತೆ ಉಳಿಯುತ್ತದೆ. ಅಲ್ಲೇ ದೇವಸ್ಥಾನದ ಹೊರಗೋಡೆಗೆ ಬಂದರೆ ಮಾತು ಉಲ್ಟಾ. ಆ ಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆ ಮುರಿದು ಸಾಗುತ್ತದೆ. ಜಗತಿಯ (ದೇವಸ್ಥಾನ ನಿಂತಿರುವ ಕಟ್ಟೆ) ಮೇಲೆ ಕುಕ್ಕರುಗಾಲಲ್ಲಿ ಕುಳಿತು, ತಳದ ಆನೆಗಳ ಸಾಲಿಗೆ ಎರಡು ಅಡಿ ಹತ್ತಿರ ಬಂದು 10ರಲ್ಲಿ ನೋಡಿ. ಒಂದು ಆನೆ ಕಣ್ಣ ಮುಂದೆ ದೊಡ್ಡದಾಗಿ ನಿಲ್ಲುತ್ತದೆ. ಅದರ ಹಿಂದೆ ನೂರಾರು ಆನೆಗಳು ಒಂದೊಂದು ಮೂಲೆ ತಿರುಗುತ್ತಾ ಸಣ್ಣದಾಗುತ್ತಾ ಹೋಗುತ್ತವೆ. ಎಫ್ 8 ಇಟ್ಟು ಎರಡು ಅಡಿಗಿಂತ ಸ್ವಲ್ಪ ಆಚೆ ಫೋಕಸ್ ಮಾಡಿದರೆ, ಒಂದು ಅಡಿ ಚಿಲ್ಲರೆಯಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಎಫ್ 22ಕ್ಕೆ ಹೋಗಬೇಡಿ. ಅಪರ್ಚರ್ ಅಷ್ಟು ಕಿರಿದಾದರೆ ಫೋಟೋ ಇಡೀ ಮಂಕಾಗುತ್ತದೆ.

ಇನ್ನು ಎಫ್ 2.8 ಬೇಕೇ ಬೇಕಾ? ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ನಿಜ ಇದೆ. ಟೊಕಿನಾ 11-20 ಎಲ್ಲಾ ಮಿ.ಮೀ.ನಲ್ಲೂ ಎಫ್ 2.8. ಕ್ಯಾನನ್ 10-18 ಶುರುವಾಗುವುದೇ ಎಫ್ 4.5ರಿಂದ. ಬೆಳಕಿನ ಲೆಕ್ಕದಲ್ಲಿ ಟೊಕಿನಾ ಎರಡೂವರೆ ಪಟ್ಟು ಜಾಸ್ತಿ ಒಳಗೆ ಬಿಡುತ್ತದೆ. ಆದರೆ ಟೊಕಿನಾದಲ್ಲಿ ಕೈನಡುಕ ತಡೆಯುವ ಐಎಸ್ ಇಲ್ಲ, ಕ್ಯಾನನ್‌ನಲ್ಲಿ ಇದೆ.

ನಿಮ್ಮ ಊರಿನ ಚೆನ್ನಕೇಶವ ದೇವಸ್ಥಾನದ ನವರಂಗವನ್ನೇ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪವನ್ನೇ ತೆಗೆದುಕೊಳ್ಳಿ. ಜಾಲಂಧ್ರದಿಂದ (ಕಲ್ಲಿನ ಜಾಲರಿ ಕಿಟಕಿ) ಬರುವ ಬೆಳಕಷ್ಟೇ. ಐಎಸ್‌ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600ರಲ್ಲಿ ಎಫ್ 2.8ಕ್ಕೆ ಶಟರ್ 1/15 ಸೆಕೆಂಡ್ ತೆರೆದಿರಬೇಕಾದರೆ, ಎಫ್ 4.5ಕ್ಕೆ 1/6 ಬೇಕು. ಐಎಸ್ ಇಲ್ಲದೆ 10 ಮಿ.ಮೀ.ನಲ್ಲಿ ಕೈಯಲ್ಲಿ ಹಿಡಿಯಬಹುದಾದ ವೇಗ ಸುಮಾರು 1/15. ಅಂದರೆ ಟೊಕಿನಾ ಅಲ್ಲಿಗೆ ಅಂಚಿಗೆ ಬಂತು. ಐಎಸ್ ಇರುವ ಲೆನ್ಸಿನಲ್ಲಿ ಉಸಿರು ಬಿಗಿಹಿಡಿದು, ಮೊಣಕೈ ಮೈಗೆ ಒತ್ತಿಕೊಂಡು ನಾನು 1/4ರಲ್ಲೂ ಸರಾಗವಾಗಿ ತೆಗೆಯುತ್ತೇನೆ. ಕಂಬ ಅಲುಗಾಡುವುದಿಲ್ಲವಲ್ಲ. ನಿಂತಿರುವ ಕಲ್ಲಿಗೆ ಎಫ್ 2.8 ಬೇಕಿಲ್ಲ. ಕಂಬಕ್ಕೆ ಒರಗಿ ಮಾತ್ರ ನಿಲ್ಲಬೇಡಿ. 900 ವರ್ಷದ ಕೆತ್ತನೆ, ನಮ್ಮ ಬ್ಯಾಗಿನ ಜಿಪ್ ತಾಗಿದರೂ ಗೀರು ಬೀಳುತ್ತದೆ.

ನವರಂಗದ ನಡುವಿನ ಭುವನೇಶ್ವರಿ, ಅಂದರೆ ಕೆತ್ತನೆಯ ಚಾವಣಿ ಇದೆಯಲ್ಲ, ಅದಕ್ಕೆ ಒಂದು ಉಪಾಯ ಹೇಳುತ್ತೇನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ನಿಮಗೆ ಟ್ರೈಪಾಡ್ ಬೇಕಾಗುವುದೂ ಇಲ್ಲ. ಕಾವಲಿನವರನ್ನು ಒಂದು ಮಾತು ಕೇಳಿಕೊಂಡು, ಜನ ಕಡಿಮೆ ಇರುವ ಹೊತ್ತಿನಲ್ಲಿ ಒಂದು ಮಡಿಸಿದ ಟವೆಲ್ ನೆಲಕ್ಕೆ ಹಾಕಿ. ಕ್ಯಾಮೆರಾವನ್ನು ಅದರ ಮೇಲೆ ಆಕಾಶ ನೋಡುವ ಹಾಗೆ ಮಲಗಿಸಿ. ಪರದೆ ಪಕ್ಕಕ್ಕೆ ತೆರೆದುಕೊಳ್ಳಿ, ವೃತ್ತ ಚೌಕಟ್ಟಿನ ನಡುವೆ ಬರುವವರೆಗೆ ಟವೆಲ್ಲಿನ ಮೂಲೆಯನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಐಎಸ್ ಆಫ್ ಮಾಡಿ. ಐಎಸ್‌ಓ 100, ಎಫ್ 8, ಟೈಮರ್ 10 ಸೆಕೆಂಡ್. ಒತ್ತಿ ಪಕ್ಕಕ್ಕೆ ಸರಿಯಿರಿ, ಇಲ್ಲದಿದ್ದರೆ ನಿಮ್ಮ ತಲೆಯೇ ಅಂಚಿನಲ್ಲಿ ಬರುತ್ತದೆ. ಶಟರ್ ಹತ್ತೋ ಹದಿನೈದೋ ಸೆಕೆಂಡ್ ತೆರೆದಿರುತ್ತದೆ. ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ, ಕೆಳಗೆ ನಿಂತು ಕಣ್ಣಿಗೆ ಕಾಣದ ಒಂದೊಂದು ಸಣ್ಣ ಮೂರ್ತಿಯೂ ಬೆರಳಿನಷ್ಟು ಸ್ಪಷ್ಟ ಕಾಣುತ್ತದೆ. ಎಷ್ಟೋ ಸಲ ತೆಗೆದಿದ್ದೇನೆ, ಇವತ್ತಿಗೂ ಅದನ್ನು ಮೊದಲ ಸಲ ತೆರೆದು ನೋಡುವಾಗ ಮೈ ಜುಮ್ಮೆನ್ನುತ್ತದೆ.

ಮದುವೆ ಬೇರೆ. ಅಲ್ಲಿ ಜನ ಓಡಾಡುತ್ತಾರೆ. ಐಎಸ್ ನಿಮ್ಮ ಕೈನಡುಕ ತಡೆಯುತ್ತದೆ, ಅಕ್ಷತೆ ಹಾಕುವ ಕೈಯನ್ನು ನಿಲ್ಲಿಸುವುದಿಲ್ಲ. ಅದಕ್ಕೆ 1/125 ಬೇಕು. ಎಫ್ 2.8ರಲ್ಲಿ ಐಎಸ್‌ಓ 1600ಕ್ಕೆ ಮುಗಿಯುವ ಕೆಲಸಕ್ಕೆ, ಎಫ್ 4.5ರಲ್ಲಿ 4000 ಬೇಕಾಗುತ್ತದೆ. ನಿಮ್ಮ ಕ್ಯಾಮೆರಾದಲ್ಲಿ 4000ಕ್ಕೆ ನೆರಳಿನಲ್ಲಿ ಕಾಳು ಕಾಳು ಕಾಣಲು ಶುರು. ಕ್ಯಾಮೆರಾದ ಮೇಲಿನ ಪುಟ್ಟ ಫ್ಲಾಶ್ ತೆರೆದರೆ ಅಲ್ಟ್ರಾ ವೈಡ್‌ನ ಮೂಲೆಗಳಿಗೆ ಬೆಳಕು ಮುಟ್ಟುವುದಿಲ್ಲ. ಕೆಳಗೆ ಲೆನ್ಸಿನದೇ ನೆರಳು ಬಿದ್ದರೂ ಬಿತ್ತು. ಮದುವೆಯೇ ಮುಖ್ಯ ದುಡಿಮೆ ಆಗಿದ್ದರೆ ನಾನೂ ಟೊಕಿನಾ ಅನ್ನುತ್ತಿದ್ದೆ. ಅದು ಗಟ್ಟಿ ಲೆನ್ಸ್, 560 ಗ್ರಾಂ ತೂಕ, 82 ಮಿ.ಮೀ. ಫಿಲ್ಟರ್. ಇದಕ್ಕಿಂತ ಹಳೆಯದಾದ 11-16 ಕೂಡ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಆದರೆ ಬಿಸಿಲು ಅಥವಾ ಸ್ಟೇಜ್ ಲೈಟು ಎದುರಿಗೆ ಬಂದರೆ ಅದರಲ್ಲಿ ಬೆಳಕಿನ ಕಲೆಗಳು ಬೀಳುತ್ತವೆ. ನಿಮ್ಮದು ಆಗಾಗ ಹೋಗುವ ಮದುವೆ. ಅದಕ್ಕಾಗಿ ಇಡೀ ಬಜೆಟ್ ತಿರುಗಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ 10-18 "ಬರೀ ಪ್ಲಾಸ್ಟಿಕ್" ಅನ್ನುವುದು? ನಿಜ, ಕ್ಯಾಮೆರಾಗೆ ಕೂರುವ ಬಳೆಯೂ ಪ್ಲಾಸ್ಟಿಕ್. ಅದಕ್ಕೇ ಬರೀ 240 ಗ್ರಾಂ. 2014ರಲ್ಲಿ ಬಂದ ಲೆನ್ಸ್ ಅದು. ಅದಕ್ಕೂ ಹತ್ತು ವರ್ಷ ಮೊದಲು ಬಂದ ಕ್ಯಾನನ್ 10-22 ಗಟ್ಟಿಯಾಗಿದೆ, ಸ್ವಲ್ಪ ಜಾಸ್ತಿ ಬೆಳಕೂ ಬಿಡುತ್ತದೆ, ಆದರೆ ಐಎಸ್ ಇಲ್ಲ. ನನ್ನ ಹತ್ತಿರ ಕಲಿತ ಹುಡುಗರಲ್ಲಿ ಹಲವರು 10-18 ಇಟ್ಟುಕೊಂಡಿದ್ದಾರೆ. ಆ ಪ್ಲಾಸ್ಟಿಕ್ ಬಳೆ ಮುರಿದುಕೊಂಡು ಬಂದವರನ್ನು ನಾನು ಇನ್ನೂ ನೋಡಿಲ್ಲ. ಬೀಳಿಸಬಾರದು ಅಷ್ಟೇ, ಬೀಳಿಸಿದರೆ ಲೋಹದ್ದೂ ಉಳಿಯುವುದಿಲ್ಲ. ನಡುವಿನ ಆಯ್ಕೆ ಬೇಕೆಂದರೆ ಟ್ಯಾಮ್ರಾನ್ 10-24. 2017ರಲ್ಲಿ ಬಂದದ್ದು, ಎಫ್ 3.5ರಿಂದ ಶುರು, ಕೈನಡುಕ ತಡೆಯೂ ಇದೆ, 440 ಗ್ರಾಂ. 24ರವರೆಗೆ ಹೋಗುವುದರಿಂದ ಪದೇ ಪದೇ ಲೆನ್ಸ್ ಬದಲಿಸುವ ಕಾಟ ಕಡಿಮೆ. ಸೆಕೆಂಡ್ ಹ್ಯಾಂಡ್ ಒಳ್ಳೆಯದು ಸಿಕ್ಕರೆ ಬಿಡಬೇಡಿ. ಸಿಗ್ಮಾ 8-16 ಇನ್ನೂ ಅಗಲ, ಆದರೆ ಗಾಜು ಮುಂದಕ್ಕೆ ಉಬ್ಬಿಕೊಂಡಿದೆ. ಫಿಲ್ಟರ್ ಹಾಕಲು ಆಗುವುದಿಲ್ಲ. ಜಲಪಾತದ ಹತ್ತಿರ ಒಂದು ಹನಿ ಬಿದ್ದರೂ ನೇರ ಗಾಜಿನ ಮೇಲೆ. ನಮ್ಮ ಮಲೆನಾಡಿಗೆ ನಾನು ಅದನ್ನು ಹೇಳುವುದಿಲ್ಲ.

ಚಿಕ್ಕಮಗಳೂರಿನ ಆ ಸಿಗ್ಮಾ 10-20 ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಲೆನ್ಸ್ ಒಳ್ಳೆಯದೇ. 2005ರಿಂದ ಇರುವ ಮಾದರಿ, ಎಷ್ಟೋ ಜನ ಅದರಲ್ಲೇ ಬದುಕು ಕಟ್ಟಿಕೊಂಡಿದ್ದಾರೆ. ಆದರೆ ಹಳೆಯ ಲೆನ್ಸ್, ಮಲೆನಾಡಿನ ಮನೆ. ನನಗೆ ಮೊದಲು ನೆನಪಾಗುವುದು ಬೂಷ್ಟು.

ಹಲವು ವರ್ಷದ ಹಿಂದೆ ನಾನೇ ಒಂದು ಹಳೆಯ ಲೆನ್ಸ್ ಕೊಂಡಿದ್ದೆ. ಹೊರಗಿನಿಂದ ಹೊಸದರ ಹಾಗೇ ಇತ್ತು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ತೃಪ್ತಿಪಟ್ಟು ದುಡ್ಡು ಕೊಟ್ಟೆ. ಮನೆಗೆ ಬಂದು ರಾತ್ರಿ ಕರೆಂಟ್ ಹೋದಾಗ, ಕತ್ತಲಲ್ಲಿ ಟಾರ್ಚ್ ಹಾಕಿ ಒಳಗೆ ಇಣುಕಿದೆ. ಎರಡನೇ ಗಾಜಿನ ಅಂಚಿನಿಂದ ನಡುವಿಗೆ, ಜೇಡರ ಬಲೆಯ ಎಳೆಗಳ ಹಾಗೆ ಬಿಳಿ ನೂಲು ಹರಡಿತ್ತು. ಬಿಚ್ಚಿಸಿ ಒರೆಸಿದರೆ ನೂಲು ಹೋಯಿತು. ಗಾಜಿನ ಲೇಪ ತಿಂದುಹೋದ ಕಡೆ ಗೆರೆ ಹಾಗೇ ಉಳಿಯಿತು. ಬಿಸಿಲಿಗೆ ಎದುರಾಗಿ ತೆಗೆದ ಪ್ರತಿ ಫೋಟೋದಲ್ಲೂ ಮಂಜು.

ಹಾಗಾಗಿ ಆ ಸಿಗ್ಮಾ ನೋಡಲು ಹೋಗುವಾಗ ಒಂದು ಟಾರ್ಚ್ ತೆಗೆದುಕೊಂಡು ಹೋಗಿ. ಎರಡೂ ಕಡೆಯ ಮುಚ್ಚಳ ತೆಗೆಯಿರಿ. ಕತ್ತಲೆ ಕೋಣೆಯಲ್ಲಿ ಹಿಂದಿನ ಗಾಜಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಆಮೇಲೆ ತಿರುಗಿಸಿ. ಒಂದೆರಡು ಧೂಳಿನ ಕಣ ಇದ್ದೇ ಇರುತ್ತದೆ, ಅದರಿಂದ ತೊಂದರೆ ಇಲ್ಲ. ನೂಲು, ನಕ್ಷತ್ರದ ಹಾಗೆ ಚೆಲ್ಲಿದ ಕಲೆ, ಅಥವಾ ಇಡೀ ಗಾಜಿನ ಮೇಲೆ ಹಬೆ ಹಿಡಿದಂತಹ ಮಬ್ಬು ಕಂಡರೆ ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಇನ್ನೊಂದು ಪರೀಕ್ಷೆ ಗೋಡೆಯದು. ಜಂಬಿಟ್ಟಿಗೆ ಅಥವಾ ಇಟ್ಟಿಗೆಯ ಬೋಳು ಗೋಡೆಗೆ ಸುಮಾರು ಹತ್ತು ಅಡಿ ದೂರದಲ್ಲಿ ಕ್ಯಾಮೆರಾ ನೇರಕ್ಕೆ ಇಟ್ಟು, ಎಫ್ 8ರಲ್ಲಿ ತೆಗೆಯಿರಿ. ನಾಲ್ಕು ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ಸಮ ಸ್ವಲ್ಪ ಮೆತ್ತಗಿದ್ದರೆ ಅದು ಆ ಲೆನ್ಸಿನ ಗುಣ. ಮೂರು ಚೆನ್ನಾಗಿದ್ದು ಒಂದು ಮೂಲೆ ಮಾತ್ರ ಕಲಸಿಹೋಗಿದ್ದರೆ ಒಳಗಿನ ಗಾಜು ಜರುಗಿದೆ ಅಂತ ಅರ್ಥ. ಎಲ್ಲೋ ಬಿದ್ದಿರುತ್ತದೆ. ಅಲ್ಟ್ರಾ ವೈಡ್‌ಗಳಲ್ಲಿ ಈ ತೊಂದರೆ ಬೇಗ ಎದ್ದು ಕಾಣುತ್ತದೆ.

ಕೊಳ್ಳುವ ಮೊದಲು ದುಡ್ಡಿಲ್ಲದ ಪರೀಕ್ಷೆ ಒಂದಿದೆ. ನಿಮ್ಮ ಫೋನಿನಲ್ಲಿ 0.5 ಅಂತ ಒಂದು ಲೆನ್ಸ್ ಇದ್ದರೆ, ಅದು ಹೆಚ್ಚು ಕಡಿಮೆ ನಿಮ್ಮ ಕ್ಯಾಮೆರಾದ 8-10 ಮಿ.ಮೀ.ಗೆ ಸಮ. ಒಂದು ವಾರ ಬರೀ ಅದರಲ್ಲೇ ದೇವಸ್ಥಾನ, ತೋಟ, ರೂಮು ತೆಗೆಯಿರಿ. ಹತ್ತಿರ ಹೋಗುವುದು ನಿಮಗೆ ಖುಷಿ ಕೊಡುತ್ತದೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ಬರೀ ಹೊರಗಿನ ದೃಶ್ಯ ಅಗಲವಾಗಿ ಬೇಕೆಂದರೆ ಲೆನ್ಸೇ ಬೇಡ. 18-55ನ್ನು ಉದ್ದುದ್ದ ಹಿಡಿದು, ಮೂರರಲ್ಲಿ ಒಂದು ಭಾಗ ಒಂದರ ಮೇಲೊಂದು ಬರುವಂತೆ ಐದಾರು ತೆಗೆದು ಸಾಫ್ಟ್‌ವೇರಿನಲ್ಲಿ ಜೋಡಿಸಿ. ರೂಮಿನೊಳಗೆ ಈ ಜೋಡಣೆ ಕಷ್ಟ, ಹತ್ತಿರದ ಮಂಚ ಮುರಿದ ಹಾಗೆ ಕಾಣುತ್ತದೆ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಅಗ್ಗದ ವೈಡ್ ಗಾಜು ಮಾತ್ರ ಸುಮ್ನೆ ದುಡ್ಡು ದಂಡ. ಮೂಲೆಗಳೆಲ್ಲ ಕರಗಿಹೋಗುತ್ತವೆ.

ನಿಮ್ಮ ಜಾಗದಲ್ಲಿ ನಾನಿದ್ದರೆ, ಒಳ್ಳೆಯ ಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಕ್ಯಾನನ್ 10-18 ಹುಡುಕುತ್ತಿದ್ದೆ. ನಿಮ್ಮ ಬಜೆಟ್ಟಿನಲ್ಲಿ ಸಲೀಸಾಗಿ ಬರುತ್ತದೆ, ಸ್ವಲ್ಪ ಉಳಿಯುತ್ತದೆ. ಸಿಗ್ಮಾ ಟಾರ್ಚ್ ಪರೀಕ್ಷೆ, ಗೋಡೆ ಪರೀಕ್ಷೆ ಎರಡೂ ಪಾಸಾಗಿ ಬೆಲೆ ತೀರಾ ಕಡಿಮೆ ಇದ್ದರೆ ಅದೂ ಆಗಬಹುದು. ಐಎಸ್ ಇಲ್ಲದ್ದು ನವರಂಗದಲ್ಲಿ ಕಾಡುತ್ತದೆ ಅಂತ ತಿಳಿದುಕೊಂಡೇ ಕೊಳ್ಳಿ.

ಮಾವನ ರೂಮಿನ ವಿಷಯದಲ್ಲಿ ಒಂದು ಮಾತು. 10 ಇದೆ ಅಂತ 10ರಲ್ಲೇ ತೆಗೆಯಬೇಡಿ. ಹತ್ತಕ್ಕೆ ಹನ್ನೆರಡು ಅಡಿಯ ರೂಮು ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ಬೆಂಗಳೂರಿನಿಂದ ಬಂದ ಕುಟುಂಬ ಬಾಗಿಲು ತೆಗೆದು ನೋಡಿ ಮುಖ ಸಣ್ಣದು ಮಾಡಿಕೊಂಡರೆ, ಆ ಬೇಸರ ಮಾವನ ತಲೆಗೆ ಬರುತ್ತದೆ. 12-14ರಲ್ಲಿ, ಬಾಗಿಲ ಮೂಲೆಯಲ್ಲಿ ನಿಂತು, ಎದೆಮಟ್ಟದಲ್ಲಿ ಕ್ಯಾಮೆರಾ ಮಟ್ಟವಾಗಿ ಹಿಡಿಯಿರಿ. ಬೆಳಗ್ಗೆ ಕಿಟಕಿಯ ಪರದೆ ಸರಿಸಿ, ರೂಮಿನ ದೀಪವೂ ಹಾಕಿ. ಮಂಚದ ತುದಿ ಚೌಕಟ್ಟಿನ ಅಂಚಿಗೆ ಬರದ ಹಾಗೆ ನೋಡಿಕೊಳ್ಳಿ, ಬಂದರೆ ಎಳೆದ ಹಾಗೆ ಉದ್ದವಾಗುತ್ತದೆ.

ಉಳಿದ ದುಡ್ಡಿನಲ್ಲಿ ಫಿಲ್ಟರ್ ಕೊಳ್ಳಬೇಕು ಅನ್ನಿಸಬಹುದು. ಪೋಲರೈಸರ್ ಮಳೆಯಲ್ಲಿ ನೆನೆದ ಎಲೆಯ ಹೊಳಪು ತೆಗೆಯಲು ಚೆನ್ನ. ಆದರೆ 10ರಲ್ಲಿ ನೀಲಿ ಆಕಾಶಕ್ಕೆ ಹಾಕಿದರೆ ಒಂದು ಕಡೆ ಕಡುನೀಲಿ ಪಟ್ಟಿ, ಇನ್ನೊಂದು ಕಡೆ ಬೆಳ್ಳಗೆ. ಅದಕ್ಕಿಂತ ಮೊದಲು ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಕಾಲು ಕೆ.ಜಿ. ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್ ತಗೊಳ್ಳಿ. ಮೀಟರಿನಲ್ಲಿ 40ರಿಂದ 50ರ ನಡುವೆ ಇರಬೇಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀಲಿ ಬರುವವರೆಗೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಮತ್ತೆ ಹಾಕಿ. ಆ ಬಾಣಲೆಯನ್ನು ಆಮೇಲೆ ಅಡುಗೆಗೆ ಬಳಸಬೇಡಿ. ಕೆಲವರು ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಾರೆ. ಅಕ್ಕಿಯ ಹಿಟ್ಟು ಜೂಮ್ ಬಳೆಯೊಳಗೆ ಇಳಿಯುತ್ತದೆ, ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸ್ ಬ್ಯಾಗಿನಲ್ಲಿ ಮಲಗಬಾರದು. ಬ್ಯಾಗಿನ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆಯಲ್ಲಿ ತೆಗೆದು ಬಂದ ದಿನ ಲೆನ್ಸ್ ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟು, ಆಮೇಲೆ ಡಬ್ಬಿಗೆ ಹಾಕಿ. ಬ್ಯಾಗನ್ನು ಬೇರೆ ಒಣಗಿಸಿ.